ಭಿಕ್ಷುಕನ ಕೋಟಿಗೆ ಇಸ್ತ್ರಿ

ಅತ್ತೆ,

ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ, ರಜೆ ಸಿಗಲಿಲ್ಲ. ನಾಟಕದವರ ವ್ಯಾನ್ ಹನ್ನೊಂದಕ್ಕೆ ಬರುತ್ತದೆ. ನಿಮ್ಮ ಚಿನಕುರುಳಿ ಮೊಮ್ಮಗಳನ್ನು ನೀವೇ ಅದಕ್ಕೆ ಹತ್ತಿಸಬೇಕು.

ಮೊದಲು ಆ ಕೋಟು. ನಿನ್ನೆ ಅದನ್ನು ಒಗೆದು, ತೂತುಗಳಿಗೆಲ್ಲ ತೇಪೆ ಹಾಕಿ, ಇಸ್ತ್ರಿಯನ್ನೂ ಮಾಡಿಟ್ಟಿದ್ದೀರಿ. ಕೆಲಸ ಬಲು ಚೆಂದ. ಆದರೆ ಅವಳದು ಭಿಕ್ಷುಕನ ಪಾತ್ರ. ಫೋನಿನಲ್ಲಿ ಹೇಳಿದಾಗ ನಿರ್ದೇಶಕರು, "ಅಯ್ಯೋ, ಇಷ್ಟು ನೀಟಾಗಿದ್ರೆ ಯಾರಮ್ಮ ಭಿಕ್ಷೆ ಹಾಕ್ತಾರೆ?" ಎಂದರು. ದಯವಿಟ್ಟು ಹೊಲಿಗೆ ಬಿಚ್ಚಿ. ಮೊಣಕೈ ಹತ್ತಿರ ಇನ್ನೊಂಚೂರು ಹರಿದರೂ ಯಾರೂ ಬೈಯುವುದಿಲ್ಲ.

ಚೀಲದಿಂದ ಎರಡು ಸ್ವೆಟರ್ ತೆಗೆದಿದ್ದೇನೆ. ಮತ್ತೆ ತುರುಕಬೇಡಿ. ಅವಳು ಹೊರಟಿರುವುದು ಎಂಟು ದಿನದ ನಾಟಕಕ್ಕೆ, ದಂಡಯಾತ್ರೆಗಲ್ಲ.

ಹೊರಡುವ ಮುಂಚೆ ನಿಮ್ಮೆದುರು ಪಾತ್ರದ ಮಾತು ಒಪ್ಪಿಸುತ್ತಾಳೆ. ಸುಮ್ಮನೆ ಕೇಳಿ. ಮೊನ್ನೆಯ ಹಾಗೆ ಕರಗಿಹೋಗಿ ನಡುವೆಯೇ ತಟ್ಟೆ ತುಂಬ ತಿಂಡಿ ಬಡಿಸಬೇಡಿ. ಹೊಟ್ಟೆ ತುಂಬಿದರೆ ಅವಳಿಗೆ ಮಾತು ಮರೆತುಹೋಗುತ್ತದೆ.

ಬೆಳಿಗ್ಗೆ ಹಲ್ಲುಜ್ಜುತ್ತಾ, "ಅಜ್ಜಿ ಅತ್ರೆ ನಾನು ಹೋಗಲ್ಲ" ಅಂದಳು. ಅವಳ ಅಪ್ಪ ತೀರಿಕೊಂಡ ಮೇಲೆ ಈ ಮಗು ಬಾಯಿಬಿಟ್ಟು ನಕ್ಕಿದ್ದು ಈ ಪಾತ್ರ ಸಿಕ್ಕ ದಿನವೇ. ಅವಳು ಹೋಗಲೇಬೇಕು. ಆದ್ದರಿಂದ ವ್ಯಾನ್ ಬೀದಿಯ ತಿರುವು ದಾಟುವವರೆಗೆ ಗದರಿಸಿ, ಡ್ರೈವರ್‌ಗೆ ಬುದ್ಧಿ ಹೇಳಿ, ಏನು ಬೇಕಾದರೂ ಮಾಡಿ. ಕಣ್ಣೀರು ಮಾತ್ರ ಬೇಡ.

ದಾಟಿದ ಮೇಲೆ ಎಷ್ಟು ಬೇಕಾದರೂ ಅತ್ತುಕೊಳ್ಳಿ. ನನ್ನ ಪಾಲಿನದನ್ನೂ ನೀವೇ ಅತ್ತುಬಿಡಿ ಅತ್ತೆ. ನನಗಿನ್ನೂ ಅಳು ಬರುತ್ತಿಲ್ಲ.