ರೋಟಾದಲ್ಲಿ ಇಲ್ಲದ ಮನೆ

ನವೆಂಬರ್ 2, ಭಾನುವಾರ

ಚರ್ಚಿನಿಂದ ಈಗ ಬಂದೆ. ಊಟ ಒಯ್ದು ವಾಪಸ್ ಬಂದು, ನಾನು ತೊಳೆದ ಓವನ್ ಡಿಶ್‌ಗಳಲ್ಲಿ ಎರಡಕ್ಕೆ ಇನ್ನೂ ವಾರಸುದಾರರಿಲ್ಲ. ಬುಡಕ್ಕೆ ಟೇಪ್ ಹಚ್ಚಿ ಹೆಸರು ಬರೀರಿ ಅಂತ ಎಷ್ಟು ಬಡಕೊಂಡರೂ ಅಷ್ಟೇ. ಊಟದ ರೋಟಾ, ಅಂದರೆ ಸರದಿ ಪಟ್ಟಿ, ನನ್ನದು — ಹೆರಿಗೆ, ಆಪರೇಷನ್, ಸಾವು, ಯಾರ ಮನೆಯಲ್ಲೇ ಆಗಲಿ, ಯಾವ ದಿನ ಯಾರು ಅಡುಗೆ ಒಯ್ಯಬೇಕು ಅಂತ ಬರೆದು ಕಳಿಸೋಳು ನಾನು.

ಇವತ್ತಿನ ಪ್ರಸಂಗ: ಎಂಪಥಿ, ಭಾಗ ಎರಡು. ಕನಿಕರ ಇರಲಿ, ಎಂಪಥಿ — ಇನ್ನೊಬ್ಬರ ನೋವನ್ನ ತನ್ನದು ಮಾಡಿಕೊಳ್ಳೋದು — ಬೇಡ ಅಂದರು ಪಾಸ್ಟರ್. ಪಾಪದಲ್ಲಿರುವವರ ನೋವಿನೊಳಗೆ ಇಳಿದರೆ ಸತ್ಯ ಕೈಜಾರುತ್ತಂತೆ. ಡಾಕ್ಟರು ರೋಗಿಯ ಜ್ವರ ತಾನೂ ತಗೋತಾನೇನು ಅಂತ ಕೇಳಿದರು. ಎಲ್ಲರೂ ತಲೆ ಆಡಿಸಿದರು. ನಾನು ಆಡಿಸಲಿಲ್ಲ. ನಾನು ನರ್ಸ್. ಥರ್ಮಾಮೀಟರ್‌ಗಿಂತ ಮೊದಲು ಹಣೆ ಮುಟ್ಟಿ ನೋಡೋಳು. ಈ ಪುಣ್ಯಾತ್ಮ ಯಾರ ಹಣೆ ಮುಟ್ಟಿದ್ದಾರೆ?

ನವೆಂಬರ್ 4, ಮಂಗಳವಾರ

ಅನ್ವಿತಾಳ ಅಪ್ಪ ಗದಗಿನಲ್ಲಿ ತೀರಿಕೊಂಡರು. ಇಲ್ಲೇ ಶೆಫೀಲ್ಡ್ ಯೂನಿವರ್ಸಿಟಿಯಲ್ಲಿ ಓದೋ ಹುಡುಗಿ. ಹೋದ ವರ್ಷದವರೆಗೂ ನಮ್ಮ ಕ್ವಾಯರ್‌ನಲ್ಲಿ ಹಾಡ್ತಿದ್ದಳು. ಅದಿತಿ ಅನ್ನೋ ಡಾಕ್ಟರ್ ಹುಡುಗಿಯನ್ನು ಪ್ರೀತಿಸಿ ಅವಳ ಜೊತೆ ಮನೆ ಮಾಡಿದಳು. ಚರ್ಚಿನವರು ಸದಸ್ಯತ್ವ ತೆಗೆದರು. ಈಗ ಅಣ್ಣ ಫೋನ್ ಮಾಡಿ ಅಂದನಂತೆ — "ಮಣ್ಣಿಗೆ ಬರಬ್ಯಾಡ. ಬಂದ್ರ ನಮ್ಮ ಮಾನ ಹೋಗ್ತದ."

ರೋಟಾಕ್ಕೆ ಅವಳ ಹೆಸರು ಹಾಕಿದೆ. ಸಂಜೆ ನಮ್ಮ ಮನೆಯವರು ಶುರು ಮಾಡಿದರು. ಇವರು ಎಲ್ಡರ್ ಬೇರೆ, ಚರ್ಚು ನಡೆಸೋ ಹಿರಿಯರಲ್ಲಿ ಒಬ್ಬರು.

"ಅಕಿನ ಹೆಸರು ತಗಿ. ಎಲ್ಡರ್ಸ್ ಎಲ್ಲಾ ಮಾತಾಡೇವಿ. ಊಟ ಕಳಿಸಿದ್ರ ಅಕಿ ಮಾಡಿದ್ದು ಸರಿ ಅಂದಂಗ ಆಗ್ತದ."

"ಅಪ್ಪ ಸತ್ತದ್ದೂ ಅಕಿ ಮಾಡಿದ ಪಾಪ ಏನ್ರಿ?"

"ಹಂಗಲ್ಲ..."

"ಹೆಂಗ ಮತ್ತ?"

ಟಿವಿ ಹಾಕಿದರು. ಹೆಸರು ತೆಗೆದೆ. ನನ್ನ ಒಲೆ ಆರಿಸೋದು ಮಾತ್ರ ಇವರ ಕೈಲಾಗಲ್ಲ.

ನವೆಂಬರ್ 5, ಬುಧವಾರ

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಸತ್ತವರ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಅನ್ನ-ಸಾರು ಅಕ್ಕಪಕ್ಕದಿಂದ ಬರೋದು. ಸತ್ತವನು ಕುಡುಕನಾಗಿರಲಿ, ಕಳ್ಳನಾಗಿರಲಿ — ನಮ್ಮವ್ವ ಮೊದಲು ಅಕ್ಕಿ ತೊಳೀತಿದ್ದಳು, ಆಮೇಲೆ ಬೈತಿದ್ದಳು.

ಇವರ ಹತ್ತಿರ ಕಾರು ಕೇಳಲಿಲ್ಲ. ಟ್ರ್ಯಾಮ್ ಹತ್ತಿದೆ, ಸಾರಿನ ಪಾತ್ರೆ ತೊಡೆಯ ಮೇಲೆ. ಅದಿತಿ ಬಾಗಿಲು ತೆರೆದಳು. ಅನ್ವಿತಾ ಮುಚ್ಚಳ ತೆಗೆದವಳೇ ಕುಸಿದು ಕೂತಳು.

"ಆಂಟಿ, ಅಪ್ಪ ಕಡೀಗೆ ನನ್ನ ಹೆಸರು ಹಿಡಿದು ಕರದ್ರಂತ. ಅಣ್ಣ ಫೋನ್ ಹಚ್ಚಿ ಕೊಡಲಿಲ್ಲ."

ಅತ್ತಳು. ನಾನೂ ಅತ್ತೆ, ಗೊಳೋ ಅಂತ. ಸತ್ಯ ಕೈಜಾರಿತೇನೋ ಅಂತ ನೋಡಿಕೊಂಡೆ — ಇದ್ದಲ್ಲೇ ಇತ್ತು. ಬೈಬಲಿನಲ್ಲಿ ಗೆಳೆಯನ ಸಮಾಧಿ ಮುಂದೆ ನಮ್ಮ ಸ್ವಾಮಿ ಅತ್ತದ್ದು ಯಾವ ಲೆಕ್ಕ ಹಾಗಾದರೆ? ಸತ್ತವನನ್ನ ಇನ್ನೊಂದು ಗಳಿಗೆಗೆ ಎಬ್ಬಿಸೋನು ತಾನೇ ಅಂತ ಗೊತ್ತಿದ್ದೂ ಅತ್ತನಲ್ಲ.

ನವೆಂಬರ್ 7, ಶುಕ್ರವಾರ

ರೊಟ್ಟಿ, ಎಣ್ಣೆಗಾಯಿ ಒಯ್ದೆ. ಅನ್ವಿತಾಳ ಮನೆ ಮೆಟ್ಟಿಲ ಮೇಲೆ ನನಗಿಂತ ಮೊದಲೇ ಒಂದು ಡಿಶ್. ಫಾಯಿಲ್ ಮುಚ್ಚಿದೆ, ಒಳಗೆ ಪೈ, ಇನ್ನೂ ಬಿಸಿ. ಎತ್ತಿ ಬುಡ ನೋಡಿದೆ. ಹೆಸರಿನ ಟೇಪ್ ಕಿತ್ತಿದ್ದಾರೆ, ಅಂಟು ಉಳಿದಿದೆ. ನೀಲಿ ಬಣ್ಣ, ಹಿಡಿಕೆ ಹತ್ತಿರ ಚಕ್ಕೆ ಎದ್ದಿದೆ. ಇದನ್ನು ಚರ್ಚಿನಲ್ಲಿ ಎಷ್ಟು ಸಲ ತೊಳೆದಿಲ್ಲ ನಾನು! ಹಿಲರಿಯದು. ಪಾಸ್ಟರ್ ಹೆಂಡತಿಯದು.

ಯಾರಿಗೂ ಹೇಳಲ್ಲ. ಪೈ ಅವರ ತಟ್ಟೆಗೆ ಹಾಕಿ, ಡಿಶ್ ತೊಳೆದು ತಂದು ನಮ್ಮ ಕಪಾಟಿನ ಹಿಂದೆ ಇಟ್ಟಿದ್ದೇನೆ.

ನವೆಂಬರ್ 16, ಭಾನುವಾರ

ಯಾರೋ ನನ್ನನ್ನು ಅನ್ವಿತಾಳ ಬೀದಿಯಲ್ಲಿ ಕಂಡರಂತೆ. ಎಲ್ಡರ್ಸ್ ನನ್ನಿಂದ ರೋಟಾ ಕಿತ್ತುಕೊಂಡರು. ಮಂಗಳವಾರ ಮೆಂಬರ್ಸ್ ಮೀಟಿಂಗ್. ಎಲ್ಲರೆದುರು ತಪ್ಪಾಯ್ತು ಅನ್ನಬೇಕಂತೆ; ಇಲ್ಲವಾದರೆ ಕಮ್ಯುನಿಯನ್ನಿನ ರೊಟ್ಟಿ-ದ್ರಾಕ್ಷಾರಸ ಇಲ್ಲ, ಸದಸ್ಯತ್ವವೂ ಇಲ್ಲ. ನನ್ನ ಮಗಳ ದೀಕ್ಷಾಸ್ನಾನ ಆದ ಚರ್ಚು... ಹೆದರಿಕೆ ಇದೆ, ಸುಳ್ಳು ಯಾಕೆ.

"ಒಂದು ಸಾರಿ ಅಂದುಬಿಡು," ಅಂದರು ಇವರು. "ಏನ್ ಗಂಟು ಹೋಗ್ತದ?"

"ಅನ್ನ ಕೊಟ್ಟಿದ್ದಕ್ಕ ಸಾರಿ ಅಂದ್ರ ನಮ್ಮವ್ವ ಗೋರಿಯಿಂದ ಎದ್ದು ಬಂದು ಬಡೀತಾಳ್ರಿ."

ತಡೆದುಕೊಂಡರು. ಆಗಲಿಲ್ಲ, ನಕ್ಕರು.

ನವೆಂಬರ್ 18, ಮೀಟಿಂಗ್ ಮುಗಿಸಿ ಬಂದು

ಬರೆದುಬಿಡ್ತೀನಿ.

ಇವರು ಎಲ್ಡರ್‌ಗಳ ಸಾಲಿನಲ್ಲಿ, ನೆಲ ನೋಡ್ತಾ. ಪಾಸ್ಟರ್ ದನಿ ಬೆಣ್ಣೆ — ಪಶ್ಚಾತ್ತಾಪ ಇದೆಯಾ?

ಇಲ್ಲ ಅಂದೆ. ನಾಳೆನೂ ಒಯ್ತೀನಿ ಅಂದೆ. ಇಂಗ್ಲಿಷು ಒಂದು ಕಡೆನೂ ತೊದಲಲಿಲ್ಲ.

ನಮ್ಮ ಚರ್ಚಿನಿಂದ ಬೇರೆ ಯಾರಾದರೂ ಹೋಗಿದ್ದಾರಾ ಅಂತ ಕೇಳಿದರು ಪಾಸ್ಟರ್.

ನಾನೊಬ್ಬಳೇ ಅಂದೆ. ದೇವರ ಮನೆಯಲ್ಲಿ ನಿಂತು ಹಸಿ ಸುಳ್ಳು. ಹಿಲರಿ ಕಡೆ ಕಣ್ಣೂ ಹಾಯಿಸಲಿಲ್ಲ.

ಮುಂದಿನ ಸಾಲಿನಲ್ಲಿ ಕುರ್ಚಿ ಸರಿಯಿತು.

"ಅವಳೊಬ್ಬಳೇ ಅಲ್ಲ," ಅಂದಳು ಹಿಲರಿ. "ಆ ಮೆಟ್ಟಿಲ ಮೇಲೆ ನನ್ನ ನೀಲಿ ಡಿಶ್ ಇತ್ತು. ಹೆಸರು ಕಿತ್ತು ಇಟ್ಟಿದ್ದೆ. ನನಗೆ ನಾಚಿಕೆ ಇರೋದು ಹೆಸರು ಕಿತ್ತದ್ದಕ್ಕೆ ಮಾತ್ರ."

ಪಾಸ್ಟರ್ ಹೆಂಡತಿಯ ಮುಖ ನೋಡಿದರು. ಅವಳು ಅವರನ್ನು ನೋಡಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು — "ನಾಳೆ ಸರದಿ ಯಾರದು?"

ನಾನು ಬಾಯಿ ತೆರೆಯೋ ಮೊದಲೇ, ಎಲ್ಡರ್‌ಗಳ ಸಾಲಿನಲ್ಲಿ, ಇವರು ಎದ್ದು ನಿಂತು ಅಂದರು — "ನಂದು."