ಎಣ್ಣೆ ಏರದ ಎಂಜಿನ್

ಮನೆಯವರೇ,

ನೀವು ನಮ್ಮ ಹಳೇ ಕಾರಿನ ಎಂಜಿನ್ ಬಿಚ್ಚಿದ ದಿನ ನೆನಪಿದೆಯಾ? ಬಾಗಿಲು ಜೋರಾಗಿ ಹಾಕಿದರೂ ನನಗೆ ಬೈಯುತ್ತಿದ್ದಿರಲ್ಲ, ಅದೇ ಕಾರು. ಅಲ್ ಕೂಜ್‌ನಲ್ಲಿ ನಿಮ್ಮ ಸ್ನೇಹಿತ ಇಸ್ಮಾಯಿಲ್ ಭಾಯಿಯ ಗ್ಯಾರೇಜು. "ನೋಡ್ತಾ ಇರು, ಹೊಸ ಕಾರಿನ ಹಾಗೆ ಓಡ್ತದೆ" ಅಂದಿದ್ದಿರಿ. ಶುಕ್ರವಾರದ ರಜೆ ಬಂದರೆ ಸಾಕು, ಅಲ್ಲೇ ಬಿಡಾರ. ಕೊನೆಗೂ ಎಲ್ಲ ಜೋಡಿಸಿ ಮುಗಿಸಿದಿರಿ. ಆದರೆ ಸ್ಟಾರ್ಟ್ ಮಾಡುವ ಮೊದಲೇ ನೀವು... ಹೋಗಲಿ ಬಿಡಿ.

ನಿಮ್ಮ ವರ್ಷಾಂತಿಕ ಮುಗಿಸಿ ಉಡುಪಿಯಿಂದ ಗಲ್ಫಿಗೆ ಮರಳಿದ ವಾರವೇ ಭಾಯಿ ಫೋನ್ ಮಾಡಿದರು. "ಭಾಬಿ, ಜಾಗ ಬೇಕಿತ್ತು. ಒಂದೋ ಗಾಡಿ ಓಡಿಸುವ, ಇಲ್ಲಾ ಸ್ಕ್ರ್ಯಾಪಿಗೆ ಕೊಟ್ಟು ಖಲಾಸ್ ಮಾಡುವ." ಸ್ಕ್ರ್ಯಾಪಿಗಾ? ನಿಮ್ಮ ಕೈಯ ಕೆಲಸವನ್ನಾ? ಮರುದಿನವೇ ಹೊರಟೆ. ಪಕ್ಕದ ಫ್ಲಾಟಿನ ಶೇಖರಣ್ಣನೂ ಕರೆಯದೆಯೇ ಜೊತೆಗೆ ಬಂದರು.

ಭಾಯಿ ಕೀ ತಿರುಗಿಸಿದಾಗ ಎಂಜಿನ್ ಎದ್ದಿತು. ನಾನು ಕೈಮುಗಿದೆ. ಆದರೆ ಎಣ್ಣೆಯ ಕೆಂಪು ದೀಪ ಆರಲೇ ಇಲ್ಲ, ಮೇಲಿನಿಂದ ಟಕಟಕ ಸದ್ದು ಬೇರೆ. ಭಾಯಿ ಗಾಬರಿಯಲ್ಲಿ ಬಂದ್ ಮಾಡಿದರು. "ನಾನು ವಿಡಿಯೋ ನೋಡಿದ್ದೇನೆ ಮಾರಾಯ್ರೆ, ಸೆನ್ಸರ್ ಹೋಗಿದೆ" ಎಂದರು ಶೇಖರಣ್ಣ. ಹೊಸ ಸೆನ್ಸರ್ ಹಾಕಿದರೂ ದೀಪ ಉರಿಯುತ್ತಲೇ ಇತ್ತು. "ಹಾಗಾದ್ರೆ ಬಲ್ಬೇ ತೆಗೆದುಬಿಡುವ!" ಎಂಬ ಸಲಹೆಯೂ ಅವರದ್ದೇ.

ಭಾಯಿ ಶೇಖರಣ್ಣನನ್ನು ಚಹಾ ತರಲು ಕಳಿಸಿ, ಒತ್ತಡ ನೋಡುವ ಗೇಜ್ ಸಿಕ್ಕಿಸಿದರು. ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ಫಿಲ್ಟರ್ ಬಿಚ್ಚಿದರೆ ಒಳಗೆ ಒಂದು ಹನಿಯೂ ಇಲ್ಲ. "ಎಣ್ಣೆ ಕೆಳಗಿದೆ, ಮೇಲೆ ಹತ್ತುವುದಿಲ್ಲ. ನಿಮ್ಮವರು ಬೇರಿಂಗ್ ತಪ್ಪು ಹಾಕಿದ್ರೋ ಏನೋ..."

ನನಗೆ ಸಿಟ್ಟು ನೆತ್ತಿಗೇರಿತು. "ಗ್ಯಾಸ್ ಬಂದ್ ಆಗಿದೆಯಾ ಅಂತ ಅರ್ಧ ದಾರಿಯಿಂದ ವಾಪಸ್ ಬರುವ ಜನ ಅವರು. ತಪ್ಪು ಹಾಕ್ತಾರಾ?"

ಭಾಯಿ ತಲೆ ಕೆರೆದುಕೊಂಡರು. "ಅದೂ ಹೌದು. ಬೇರಿಂಗ್ ತಪ್ಪಿದ್ರೂ ಫಿಲ್ಟರಿಗಾದ್ರೂ ಎಣ್ಣೆ ಬರ್ಬೇಕಿತ್ತು. ವರ್ಷ ನಿಂತು ಎಣ್ಣೆ ಎತ್ತುವ ಪಂಪೇ ಒಣಗಿದೆ, ಎಳೀತಾ ಇಲ್ಲ."

"ಊರಿನ ಬಾವಿ ಪಂಪಿನ ಹಾಗಾ? ಮೇಲಿಂದ ನೀರು ಹೊಯ್ಯದೆ ನೀರೆತ್ತುವುದಿಲ್ಲವಲ್ಲ?"

"ಸೇಮ್, ಭಾಬಿ!"

ಫಿಲ್ಟರಿನ ಜಾಗದಿಂದ ಪಂಪಿಗೆ ಎಣ್ಣೆ ಹೊಯ್ದು, ಫಿಲ್ಟರ್ ಹಾಕಿ, ಎಂಜಿನ್ ಹೊತ್ತಿಕೊಳ್ಳದಂತೆ ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಎಂಜಿನ್ನನ್ನು ಬರಿದೇ ತಿರುಗಿಸಿದರು. ಮುಳ್ಳು ನಡುಗಿತು, ಆಮೇಲೆ ಮೆಲ್ಲಗೆ ಏರಿತು. ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದಾಗ ದೀಪ ಆರಿತು, ಸದ್ದೂ ನಿಂತಿತು. ನಿಮ್ಮದೇನೂ ತಪ್ಪಿರಲಿಲ್ಲ. "ನಾನು ಅದನ್ನೇ ಹೇಳಿದ್ದಲ್ವಾ?" ಎಂದರು ಚಹಾ ಹಿಡಿದು ಬಂದ ಶೇಖರಣ್ಣ.

ಈಗ ಸುದ್ದಿ ಕೇಳಿ. ನನಗೆ ಲೈಸೆನ್ಸ್ ಸಿಕ್ಕಿದೆ. ನಗಬೇಡಿ. ಮೊನ್ನೆ ನಮ್ಮ ಡಿಸ್ಕವರಿ ಗಾರ್ಡನ್ಸ್‌ನಿಂದ ಕರಾಮದ ಮಾರ್ಕೆಟ್ಟಿಗೆ ಒಬ್ಬಳೇ ಹೋಗಿ ಬಂಗುಡೆ ಮೀನು ತಂದೆ. ಬಂದು ನಿಲ್ಲಿಸುವಾಗ ಮಾತ್ರ ಕಂಬಕ್ಕೆ ಗುದ್ದಿ ಹಿಂದಿನ ಬಂಪರ್ ಒಳಗೆ ಹೋಯಿತು. ಮಗಳು "ಇಟ್ಸ್ ಓಕೆ, ಅಮ್ಮಾ" ಅಂದಳು. ಭಾಯಿ ಫೋನಿನಲ್ಲಿ ನಕ್ಕರು. ಶೇಖರಣ್ಣ ಕೂಡ "ಸಣ್ಣದು ಬಿಡಿ" ಅಂದುಬಿಟ್ಟರು.

ಯಾರೂ ಬೈಯಲೇ ಇಲ್ಲ, ನೋಡಿ.

ನಿಮ್ಮ,
ಸುಮತಿ