ಕಪ್ತಾನ ಮನೆಗೆ ಬಾರದ ಎರಡನೆಯ ಭಾಗ

ಹುಮನಾಬಾದ
ಭಾನುವಾರ, ೫ ಮೇ ೨೦೦೨

ಪ್ರೀತಿಯ ರೂಪಾಲಿಗೆ,

ಮಹಾನಂದಾ ಅಕ್ಕನ ಆಶೀರ್ವಾದ. ಹೆಸರಿಗೆ ಮೊದಲು ವಾಡಿಕೆಯಂತೆ ಬರೆಯುವ ‘ಸೌ.’ ಅನ್ನು ಈ ಸಲ ಬರೆಯಬೇಕೋ ಬೇಡವೋ ತಿಳಿಯದೆ ಬಿಟ್ಟಿದ್ದೇನೆ. ತಪ್ಪು ತಿಳಿಯಬೇಡ.

ಒಂದು ಮಾತನ್ನು ಮುಚ್ಚಿಟ್ಟೇ ಈ ಪತ್ರ ಮುಗಿಸಬೇಕೆಂದು ಬೆಳಿಗ್ಗೆ ಕುಳಿತಿದ್ದೆ. ನೀನು ಕೇಳಿದ್ದು ಇಷ್ಟೇ: ಆ ಆಕಾಶದ ಪಿಚ್ಚರಿನ ಎರಡನೆಯ ಭಾಗ ಹೇಗಿದೆ, ಮದುವೆಯಾದ ಮೇಲೆ ಸಂಜೀವಕುಮಾರ ಅವರು ನಿನ್ನನ್ನೂ ಮಗಳು ಸ್ನೇಹಲಳನ್ನೂ ಕರೆತರುತ್ತೇನೆ ಎನ್ನುತ್ತಿದ್ದಾರೆ, ತೋರಿಸಬಹುದೇ. ಚೆನ್ನಾಗಿಲ್ಲ, ಬರಬೇಡಿ ಎಂದು ನಾಲ್ಕು ಸಾಲು ಬರೆದೆ. ಆ ಸಾಲುಗಳಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಹರಿದು ಹಾಕಿದೆ. ಶುಕ್ರವಾರ ಮಧ್ಯಾಹ್ನದ ಆಟದಲ್ಲಿ, ಟಾಕೀಸಿನ ಒಳಗೆ, ನಾನು ಗುರುಶಾಂತನ ಧ್ವನಿ ಕೇಳಿದೆ.

ಇದನ್ನು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ನನ್ನ ತಮ್ಮನ ಧ್ವನಿ ನನಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಗದೆಯೂ ಇರಬಹುದು. ಏಳು ವರ್ಷ ಕೇಳದ ಧ್ವನಿಯನ್ನು ಕಿವಿ ತಾನೇ ಕಟ್ಟಿಕೊಳ್ಳುತ್ತದೆಯೇನೋ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಕ್ರಮವಾಗಿ ಬರೆಯುತ್ತೇನೆ. ಹಾಗೆ ಬರೆಯದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ಮೊದಲನೆಯ ಭಾಗ ಬಂದಾಗ ನೀನು ಗುರುಶಾಂತನ ಕೈಹಿಡಿದು ನಮ್ಮ ಮನೆಗೆ ಬಂದ ಹೊಸ ಸೊಸೆ. ಪಿಚ್ಚರ ಇಂಗ್ಲಿಷಿನಲ್ಲಿತ್ತು. ಇಂಗ್ಲಿಷ್ ಪಿಚ್ಚರ ಬಂದಾಗಲೆಲ್ಲ ಪರದೆಯ ಎಡಕ್ಕೆ, ಹೊರಬಾಗಿಲಿನ ಪಕ್ಕ, ಸೋಡಾ ಬಾಟಲಿಯ ಖಾಲಿ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ನಿಂತು, ಮೈಕು ಹಿಡಿದು ಜನಕ್ಕೆ ಕಥೆ ಹೇಳುವುದು ಗುರುಶಾಂತನ ಕೆಲಸ. ಅವನಿಗೆ ಇಂಗ್ಲಿಷ್ ಬಾರದು. ಅಪ್ಪ ನನ್ನನ್ನು ಹೈದರಾಬಾದಿನ ಕಾನ್ವೆಂಟಿಗೆ ಹಾಕಿದ್ದರು, ಅವನನ್ನು ಇಲ್ಲಿಯ ಶಾಲೆಗೆ. ಹಾಗಾಗಿ ಮೊದಲ ಆಟಕ್ಕೆ ನಾನು ಪಕ್ಕ ಕುಳಿತು ಅರ್ಥ ಹೇಳಬೇಕು. ನಾನು ಒಂದು ಮಾತೂ ಬಿಡದೆ ಹೇಳುತ್ತಿದ್ದೆ. ಆಟ ಮುಗಿದ ಮೇಲೆ ಅವನು ತಲೆ ಕೆರೆದುಕೊಂಡು, “ಅಕ್ಕಾ, ನೀ ಬರೇ ಮಾತು ಹೇಳಿದಿ. ಇದರಾಗ ಮನಷ್ಯಾ ಎಲ್ಲಿ ಅದಾನ?” ಎನ್ನುತ್ತಿದ್ದ.

ಎರಡನೆಯ ಆಟದಿಂದ ಅವನದೇ ರಾಜ್ಯ. ಹೊಸ ಪಾತ್ರ ಬಂದಾಗ ಮೊದಲು ನಾಲಿಗೆಯಿಂದ ಒಂದು ಲೊಚ್ಚು, ಆಮೇಲೆ ಮಾತು. “ಇವ ನೋಡ್ರಿ, ಭಾಳ ದೊಡ್ಡ ಕಪ್ತಾನ. ಚುಕ್ಕಿಗೋಳ ನಡಕ ಹಡಗ ನಡಸ್ತಾನ. ಆದ್ರ ಬಾವ್ಯಾಗ ಹಣಿಕಿ ನೋಡು ಅಂದ್ರ ಕಾಲು ನಡಗ್ತಾವ.” ಪಿಚ್ಚರಿನಲ್ಲಿ ಬಾವಿಯೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಕಪ್ತಾನನ ಕೋಣೆಯ ಗೋಡೆಯ ಮೇಲೆ ಒಂದು ಹುಡುಗಿಯ ಫೋಟೋ ಕಣ್ಣು ಮಿಟುಕಿಸುವಷ್ಟು ಹೊತ್ತು ಕಾಣುತ್ತಿತ್ತು. ಗುರುಶಾಂತ ಅವಳಿಗೆ ಮುನ್ನಿ ಎಂದು ಹೆಸರಿಟ್ಟ, ಘಾಟಬೋರಾಳದ ಅತ್ತೆಯ ಮನೆಯಲ್ಲಿ ಬಿಟ್ಟ, ಅಪ್ಪ ಬರುತ್ತಾನೆಂದು ಬಾಗಿಲು ಕಾಯಲು ಕೂರಿಸಿದ. ಹೊರಗೆ ಬಂದ ಹೆಂಗಸರು ಅವನನ್ನು ಸುತ್ತುಗಟ್ಟಿ ಬೈದದ್ದು ನೆನಪಿದೆಯೇ? “ಎಂಥಾ ಅಪ್ಪರಿ ಅವ, ಹೋಗುಮುಂದ ಕೂಸಿನ ಕೈಯಾಗ ಒಂದು ಪೇಡೆ ಸೈತ ಇಡಲಿಲ್ಲ.” ನೀನೂ ಮನೆಯಲ್ಲಿ ಅದನ್ನೇ ಹೇಳಿ ಅವನನ್ನು ಕಾಡಿದೆ. ಮರುದಿನದ ಆಟದಲ್ಲಿ ಕಪ್ತಾನ, ಹೊಳ್ಳಿ ಬರುವಾಗ ಪೇಡೆ ತರುತ್ತೇನೆ ಎಂದು ಮುನ್ನಿಗೆ ಮಾತು ಕೊಟ್ಟ. ಆಮೇಲೆ ಆ ಹಡಗಿಗೆ ಏನಾದರೂ ಆದರೆ ಇಡೀ ಟಾಕೀಸು ಉಸಿರು ಹಿಡಿಯುತ್ತಿತ್ತು.

ಮರುವರ್ಷ, ಸ್ನೇಹಲ ಇನ್ನೂ ತೊಟ್ಟಿಲಲ್ಲಿದ್ದಾಗ, ಅವನು ಹೊಸ ಪಿಚ್ಚರಿನ ಡಬ್ಬ ತರಲು ಹೈದರಾಬಾದಿಗೆ ಹೋದ. ಬಸ್ಸಿನಲ್ಲಿ ಡಬ್ಬ ಬಂತು, ಅದರ ಮೇಲೆ ಮಡಚಿಟ್ಟ ಅವನ ಟವೆಲ್ ಬಂತು. ಜಹೀರಾಬಾದಿನಲ್ಲಿ ಚಹಾಕ್ಕೆ ಇಳಿದವನು ಮತ್ತೆ ಹತ್ತಲಿಲ್ಲ ಎಂದು ಕಂಡಕ್ಟರ್ ಹೇಳಿದ. ಆಮೇಲಿನದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ನೀನು ಕಲ್ಯಾಣದ ತವರಿಗೆ ಹೋದೆ, ಕಾದೆ, ಏಳು ವರ್ಷ ಸುದ್ದಿಯಿಲ್ಲದವನು ಇಲ್ಲವೆಂದೇ ಲೆಕ್ಕ ಎಂದು ಕೋರ್ಟಿನ ಹುಕುಂ ಬಂತು. ಚಿಟಗುಪ್ಪದ ಸಂಜೀವಕುಮಾರ ಅವರನ್ನು ಮೊದಲು ಮಾತಾಡಿಸಿದವಳು ನಾನೇ. ಅವರು ಒಳ್ಳೆಯವರು. ಸ್ನೇಹಲ ಅವರ ಬಟ್ಟೆ ಅಂಗಡಿಯ ಗಾದಿಯ ಮೇಲೆ ನಿದ್ದೆ ಹೋದಾಗ ಎಬ್ಬಿಸದೆ ಗಿರಾಕಿಗಳಿಗೆ ಪಿಸುಮಾತಿನಲ್ಲಿ ಬಟ್ಟೆ ತೋರಿಸಿದರು ಎಂದು ನೀನು ಬರೆದಿದ್ದೆಯಲ್ಲ, ಆ ದಿನವೇ ನನ್ನ ಮನಸ್ಸು ಹಗುರಾಯಿತು.

ಈಗ ಪಿಚ್ಚರಿನ ಮಾತು.

ಇದು ಹಿಂದಿಯಲ್ಲೇ ಬಂದಿದೆ, ಯಾರೂ ಕಥೆ ಹೇಳಬೇಕಾಗಿಲ್ಲ. ಬಸ್ ನಿಲ್ದಾಣದ ಗೋಡೆಯ ತುಂಬ ಪೋಸ್ಟರು. ಪಕ್ಕದ ಮನೆಯ ಜೈನಬಿಯನ್ನು ಕರೆದುಕೊಂಡು ಹೋದೆ. ಖರ್ಚು ಬಹಳ ಮಾಡಿದ್ದಾರೆ. ಉಂಗುರ ತೊಟ್ಟ ಗ್ರಹಗಳು, ಉರಿಯುವ ಹಡಗುಗಳು, ಕಣ್ಣು ತುಂಬುವಷ್ಟು ಇವೆ. ಆದರೆ ನನ್ನ ಎದೆ ಒಮ್ಮೆಯೂ ಹೊಡೆದುಕೊಳ್ಳಲಿಲ್ಲ. ಕಪ್ತಾನ ಉರಿಯುವ ಹಡಗಿನಿಂದ ಹಾರಿ ಬಂದರೂ ಕೂದಲು ಬಾಚಿದಂತೆಯೇ ಇರುತ್ತದೆ. ಅವನ ಗೆಳೆಯ ಸಾಯುತ್ತಾನೆ, ಸ್ವಲ್ಪ ಹೊತ್ತಿಗೆ ಸತ್ತಿಲ್ಲವೆಂದು ತಿಳಿಯುತ್ತದೆ, ಮತ್ತೆ ಸಾಯುತ್ತಾನೆ, ಮತ್ತೆ ಬರುತ್ತಾನೆ. ಎರಡನೆಯ ಸಲ ಜೈನಬಿ, “ಬಿಡ್ರಿ ಬಾಜಿ, ಇವ ಚಹಾ ಕುಡದು ಬರ್ತಾನ” ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನನಗೆ ಮಾತ್ರ ಜಹೀರಾಬಾದಿನ ಚಹಾ ನೆನಪಾಯಿತು.

ಒಂದು ಇಡೀ ಗ್ರಹ ಸಿಡಿದು ಹೋಗುತ್ತದೆ. ಕೋಟಿಗಟ್ಟಲೆ ಜನ. ಒಬ್ಬನೂ ತಲೆಯ ಮೇಲೆ ಕೈ ಹೊತ್ತು ಕೂರುವುದಿಲ್ಲ, ಬದಲಿಗೆ ಒಂದು ಚೇಷ್ಟೆಯ ಮಾತು ಬರುತ್ತದೆ. ಒಬ್ಬ ವಿಜ್ಞಾನಿ ಹೆಂಗಸಿದ್ದಾಳೆ. ಸಿಡಿದದ್ದು ಅವಳ ಊರೇ. ಅದು ಸಿಡಿಯಲಿದೆ ಎಂದು ಕಪ್ತಾನನಿಗೆ ಮೊದಲೇ ಗೊತ್ತಿರುತ್ತದೆ, ಅವಳಿಗೆ ನೋವಾದೀತೆಂದು ಹೇಳಿರುವುದಿಲ್ಲ. ಎಲ್ಲ ಮುಗಿದ ಮೇಲೆ ಹೇಳುತ್ತಾನೆ. ಅವಳು ಅವನ ಭುಜಕ್ಕೆ ಒರಗಿ ಉಪಕಾರ ನೆನೆಯುತ್ತಾಳೆ. ಯಾವ ಹೆಂಗಸು ಹಾಗೆ ಮಾಡುತ್ತಾಳೆ? ಬರೆದವರು ಎಲ್ಲರಿಗೂ ಬಟ್ಟೆ ಹೊಲಿಸಿದ್ದಾರೆ, ಒಬ್ಬರಿಗೂ ಮನೆ ಕೊಟ್ಟಿಲ್ಲ. ಕಳೆದುಕೊಂಡರೆ ಅಳಬೇಕೆನಿಸುವಂಥದ್ದು ಯಾರ ಬಳಿಯೂ ಇಲ್ಲ. ಗೋಡೆಯ ಮೇಲೆ ಆ ಹುಡುಗಿಯ ಫೋಟೋ ಕೂಡ ಈ ಸಲ ಇರಲಿಲ್ಲ. ನಾನು ಹುಡುಕಿದೆ.

ಇಂಟರ್ವಲ್ಲಿನಲ್ಲಿ ಅರ್ಧ ಜನ ಎದ್ದು ಹೋದರು. ತಗಡಿನ ಮಾಡು ಕಾದು ಆಗಾಗ ಟಕ್ಕೆನ್ನುತ್ತಿತ್ತು. ಜೈನಬಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಪರದೆಯ ಮೇಲೆ ಕಪ್ತಾನ ಒಂದು ಕಪ್ಪು ಕುಳಿಯ ಅಂಚಿಗೆ ಬಂದು ನಿಂತ. ಅದು ತಾರೆಗಳನ್ನೇ ನುಂಗುತ್ತದಂತೆ. ಅವನು ನಗುತ್ತಿದ್ದ. ಆಗ ಎಡಗಡೆ, ಪರದೆಯ ಬುಡದ ಕತ್ತಲಿನಿಂದ, ಆ ಲೊಚ್ಚು ಕೇಳಿಸಿತು.

ಮೈಕಿನ ಧ್ವನಿಯಲ್ಲ. ಪಕ್ಕದಲ್ಲಿ ಕುಳಿತವರಿಗೆ ಹೇಳುವಂಥ ಸಣ್ಣ ಧ್ವನಿ. “ಬಾವಿ ನೋಡ್ರಿ. ಇವಗ ಬಾವಿ ಅಂದ್ರ ಅಂಜಿಕಿ. ನಗಾಕತ್ತಾನ ಖರೆ, ಕೈ ನೋಡ್ರಿ.”

ನಾನು ಕೈ ನೋಡಿದೆ. ರೂಪಾಲಿ, ಆ ಕೈ ನಡುಗುತ್ತಿತ್ತು. ಅಲ್ಲಿಯವರೆಗೆ ನಡುಗಿರಲಿಲ್ಲ ಎಂದು ಆಣೆ ಮಾಡಿ ಹೇಳಲಾರೆ. ನಾನು ಅಲ್ಲಿಯವರೆಗೆ ಕೈ ನೋಡಿರಲಿಲ್ಲ.

“ಜೇಬಿನಾಗ ಪೇಡೆ ಅದ. ಎಂದೋ ತಗೊಂಡಿದ್ದು, ಕಲ್ಲಾಗ್ಯಾದ. ಮನಿಗಿ ಹೋಗಬೇಕಂತ ಮನಸದ ಇವಂದು. ಆದ್ರ ಮುನ್ನಿ ಈಗ ದೊಡ್ಡಾಕಿ ಆಗ್ಯಾಳ. ಬಾಗಲಾ ತಗದು, ಯಾರು ಬೇಕ್ರಿ ಅಂತ ಕೇಳಿದ್ರ ಇವ ಏನು ಹೇಳಬೇಕು?”

ಕಪ್ತಾನ ಜೇಬು ಮುಟ್ಟಿಕೊಂಡ. ನಾನು ಕಂಡೆ. ಆಮೇಲೆ ಕುಳಿಯೊಳಕ್ಕೆ ಹೆಜ್ಜೆ ಇಟ್ಟ. ಪರದೆ ತುಂಬ ಹೊತ್ತು ಕಪ್ಪಾಗಿತ್ತು. ಆ ಕಪ್ಪಿನಲ್ಲಿ ಮತ್ತೊಂದು ಮಾತು ಬಂತು, ಇನ್ನೂ ಸಣ್ಣಗೆ. “ಇವ ಹೊಳ್ಳಿ ಬರಬಾರದ್ರಿ. ಬಂದ್ರ ಇಷ್ಟು ದಿನ ಕಾದಾಕಿ ಕಾದಿದ್ದು ಹಗರ ಆಗ್ತದ.” ನಂತರ ಪರದೆ ಬೆಳಗಿತು, ಕಪ್ತಾನ ಇನ್ನೊಂದು ಗ್ರಹದ ಮೇಲೆ ನಗುತ್ತ ನಿಂತಿದ್ದ. ಧ್ವನಿ ಇರಲಿಲ್ಲ.

ದೀಪ ಹತ್ತಿದಾಗ ನೇರ ಆ ಕಡೆ ನಡೆದೆ. ಹೊರಬಾಗಿಲು ಇದ್ದ ಜಾಗವನ್ನು ಇಟ್ಟಿಗೆಯಿಂದ ಕಟ್ಟಿ ಸುಣ್ಣ ಬಳಿದಿದ್ದಾರೆ. ಅಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಎಡೆಯಿದೆ, ಬಂದು ಹೋಗಲು ದಾರಿಯಿಲ್ಲ. ಸುಣ್ಣದ ಗೋಡೆಗೆ ಕೈ ಇಟ್ಟೆ. ಅಷ್ಟು ಕಾದ ಕಟ್ಟಡದಲ್ಲಿ ಅದೊಂದು ಗೋಡೆ ತಂಪಾಗಿತ್ತು. ಬಾಗಿಲು ಕಾಯುವ ನಬೀಸಾಬನನ್ನು ಕೇಳಿದೆ, ಯಾರಾದರೂ ಕಥೆ ಹೇಳುತ್ತಿದ್ದರೇ ಎಂದು. ಅವನು ನಕ್ಕ. “ಹಿಂದಿ ಪಿಚ್ಚರಕ್ಕ ಕತಿ ಹೇಳೋರು ಯಾಕ ಬೇಕ್ರಿ ಅಕ್ಕೋರ? ಮತ್ತ ಇದರಾಗ ಹೇಳಾಕ ಕತಿನರ ಎಲ್ಲದರಿ?” ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ಒಂದು ಗ್ಲಾಸು ನೀರು ತಂದುಕೊಟ್ಟ. ಜೈನಬಿಯನ್ನು ಏನೂ ಕೇಳಲಿಲ್ಲ. ಅವಳು ದಾರಿಯುದ್ದಕ್ಕೂ ಸುಮ್ಮನಿದ್ದಳು, ಸೆಕೆಗೆ ಸೋತಿದ್ದಾಳೆ ಎಂದುಕೊಂಡೆ.

ಎರಡು ದಿನದಿಂದ ಇದೇ ಯೋಚನೆ. ಅವನು ಬದುಕಿದ್ದಾನೆ ಎಂದು ಇದರಿಂದ ಹೇಳಲು ಬರುವುದಿಲ್ಲ. ಇಲ್ಲ ಎಂದೂ ಬರುವುದಿಲ್ಲ. ಬಹುಶಃ ಪಿಚ್ಚರ ಅಷ್ಟು ಟೊಳ್ಳಾಗಿತ್ತು, ನನ್ನ ಮನಸ್ಸು ಅದನ್ನು ಅವನ ಮಾತಿನಿಂದ ತುಂಬಿಕೊಂಡಿತು. ಆದರೆ ನಾನು ಮಾತು ಹೇಳುವವಳು, ಮನುಷ್ಯನನ್ನು ಕಟ್ಟುವವಳಲ್ಲ. ಅವನೇ ಹಾಗೆನ್ನುತ್ತಿದ್ದ. ಕಲ್ಲಾದ ಪೇಡೆ ನನ್ನ ತಲೆಗೆ ಹೊಳೆಯುವಂಥದ್ದೇ?

ಹದಿನಾರನೆಯ ತಾರೀಖು, ಗುರುವಾರ, ನಾರಾಯಣಪುರದ ಗುಡಿಯಲ್ಲಿ ನಾಲ್ಕು ಜನರ ಮುಂದೆ ನಿನ್ನ ಮದುವೆ. ಈಗ ಇದು ತಿಳಿದರೆ ನೀನು ಮದುವೆ ಬೇಡವೆನ್ನಬಹುದು, ಸುಣ್ಣದ ಗೋಡೆಯ ಮುಂದೆ ಬಂದು ಕುಳಿತುಕೊಳ್ಳಬಹುದು. ಏಳು ವರ್ಷದ ಮೇಲೆ ಮತ್ತೆ ಏಳು ವರ್ಷ. ಅವನ ಕೊನೆಯ ಮಾತೂ, ಅದು ಅವನದೇ ಆಗಿದ್ದರೆ, ಹೊಳ್ಳಿ ಬರಬಾರದು ಎಂದೇ ಇತ್ತು. ಅದಕ್ಕೇ ತೀರ್ಮಾನಿಸಿದ್ದೇನೆ. ಮದುವೆಗೆ ಬಂದು, ಅಕ್ಕಿಕಾಳು ಹಾಕಿ, ನಿನ್ನನ್ನು ಚಿಟಗುಪ್ಪದ ಜೀಪಿಗೆ ಹತ್ತಿಸಿ, ಹದಿನೇಳಕ್ಕೆ ಈ ಪತ್ರವನ್ನು ಅಂಚೆಗೆ ಹಾಕುತ್ತೇನೆ. ಫೋನಿನಲ್ಲಿ ಹೇಳುವ ಮಾತಲ್ಲ, ನಿಮ್ಮ ಮನೆಯ ಫೋನು ಪಡಸಾಲೆಯಲ್ಲಿದೆ. ಓದುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ, ನಿನಗೆ ನೋವು ಕಡಿಮೆ.

ಸ್ನೇಹಲಳಿಗೆ ಮುತ್ತು. ಬಿಸಿಲಿನಲ್ಲಿ ಆಡಲು ಬಿಡಬೇಡ.

ನಿನ್ನ ಒಳಿತನ್ನೇ ಬಯಸುವ
ಮಹಾನಂದಾ ಅಕ್ಕ

ತಾ.ಕ.: ಸಹಿ ಹಾಕಿ ಲಕೋಟೆಗೆ ಅಂಟು ಹುಡುಕುತ್ತಿದ್ದಾಗ ಜೈನಬಿ ಬಂದಳು. ಮದುವೆಗೆಂದು ನಾನು ಹೇಳಿದ್ದ ಶಾವಿಗೆ ತಂದಿದ್ದಳು. ಕೊಟ್ಟು ಹೋಗಲಿಲ್ಲ, ಬಾಗಿಲಿಗೆ ಒರಗಿ ನಿಂತಳು. “ಬಾಜಿ, ಒಂದು ಕೇಳ್ಲಿ? ನಗಬ್ಯಾಡ್ರಿ. ಶುಕ್ರವಾರದಿಂದ ತಲ್ಯಾಗ ಅದೇ ಕೂತದ. ಆ ಪೇಡೆ ಮುನ್ನಿಗಿ ಮುಟ್ಟಿತೇನ್ರಿ? ಆಕಿ ಒಮ್ಮೆನೂ ಕಾಣಲೇ ಇಲ್ಲಲ್ಲ.”

ಜೈನಬಿ ಮೂರು ವರ್ಷದ ಹಿಂದೆ ಈ ಊರಿಗೆ ಬಂದವಳು. ಮೊದಲನೆಯ ಭಾಗ ನೋಡಿಲ್ಲ, ಗುರುಶಾಂತನ ಹೆಸರು ಕೇಳಿಲ್ಲ. ಎರಡನೆಯ ಭಾಗದಲ್ಲಿ ಮುನ್ನಿಯೂ ಇಲ್ಲ, ಪೇಡೆಯೂ ಇಲ್ಲ.

ಅವಳು ಹೋದ ಮೇಲೆ ಮೇಲಿನದನ್ನೆಲ್ಲ ಮತ್ತೆ ಓದಿದೆ. ‘ಎಲ್ಲವೂ ಮುಗಿದಿರುತ್ತದೆ, ನಿನಗೆ ನೋವು ಕಡಿಮೆ’ ಎಂಬಲ್ಲಿಗೆ ಬಂದಾಗ ಆ ವಿಜ್ಞಾನಿ ಹೆಂಗಸು ಕಣ್ಣ ಮುಂದೆ ಬಂದಳು. ಅವಳನ್ನು ಬರೆದವರನ್ನು ಒಂದು ಪುಟ ಬೈದು, ಮರುಪುಟದಲ್ಲಿ ನಿನ್ನನ್ನು ಹಾಗೆಯೇ ಬರೆದಿದ್ದೇನೆ. ಬಾಗಿಲು ತೆಗೆಯುವವಳು ನೀನು. ಯಾರು ಬೇಕು ಎಂದು ಕೇಳುವುದೋ, ಕೇಳದೆ ಮುಚ್ಚುವುದೋ, ತೆಗೆಯದೆಯೇ ಇರುವುದೋ, ಅದೂ ನಿನ್ನದೇ. ನೀನು ಮದುವೆಯಾದರೂ ಆಗದಿದ್ದರೂ ನಾನು ನಿನ್ನ ಅಕ್ಕನೇ.

ಅಂಚೆಗೆ ಹಾಕುವುದು ಹದಿನೇಳಕ್ಕಲ್ಲ. ನಾಳೆ, ಸೋಮವಾರ, ೬ ಮೇ ೨೦೦೨.